ಬದುವಿನ ನಕ್ಷತ್ರ ಆಮೆ ಬದುವಿನಲ್ಲೇ ಇರಲಿ

ಮುಂಗಾರಿನ ಎರಡು ಹದ ಮಳೆ ಬಿದ್ದು ಬದುವಿನ ಮೇಲೆ ಗರಿಕೆ ಚಿಗುರಿದರೆ ಸಾಕು, ನಮ್ಮ ಚಿಕ್ಕಬಳ್ಳಾಪುರ-ಕೋಲಾರ ಸೀಮೆಯ ಬೆದ್ದಲು ಹೊಲಗಳಲ್ಲಿ ಒಂದು ಪ್ರಾಣಿ ಪೊದೆ ಬಿಟ್ಟು ಹೊರಗೆ ಬರುತ್ತದೆ. ಗುಡ್ಡದ ಹಾಗೆ ಉಬ್ಬಿದ ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳು. ಚಿಪ್ಪಿನ ಒಂದೊಂದು ಬಿಲ್ಲೆಯ ನಡುವಿನಿಂದ ಗೆರೆಗಳು ಸುತ್ತಲೂ ಹರಡಿರುವುದರಿಂದ ಇದಕ್ಕೆ ನಕ್ಷತ್ರ ಆಮೆ ಎಂದು ಹೆಸರು. ತೆಲುಗು ಮಾತಾಡುವ ನಮ್ಮ ಗಡಿ ಊರುಗಳಲ್ಲಿ ತಾಬೇಲು ಅಂತಾರೆ. ದನ ಕಾಯುವವರು, ಕಳೆ ಕೀಳುವ ಹೆಂಗಸರು, ಬೇಲಿ ಕಟ್ಟುವವರು ಎಲ್ಲರೂ ಇದನ್ನು ನೋಡಿದವರೇ. ಅದರ ಬದುಕು ಹೇಗೆ ಎಂದು ಕೂತು ನೋಡಿದವರು ಮಾತ್ರ ಕಮ್ಮಿ.

ಮಳೆ ಲೆಕ್ಕ ಬರೆದಿಡುವ ಪುಸ್ತಕದಲ್ಲೇ ಆಮೆ ಕಂಡ ದಿನವನ್ನೂ ಗುರುತು ಹಾಕುತ್ತಾ ಬಂದಿದ್ದೇನೆ. ಈಗ ಇದನ್ನು ಬರೆಯೋಕೆ ಎರಡು ಕಾರಣ. ಒಂದು, ನಾಲ್ಕು ಕಾಸಿನ ಆಸೆಗೆ ಆಮೆ ಹಿಡಿದುಕೊಟ್ಟು ನಮ್ಮಂಥ ರೈತರ ಮಕ್ಕಳೇ ಕೇಸಿಗೆ ಸಿಕ್ಕಿಕೊಳ್ಳುತ್ತಿದ್ದಾರೆ. ಎರಡು, ಒಳ್ಳೆಯದು ಮಾಡುತ್ತೇವೆ ಎಂದುಕೊಂಡು ಇದನ್ನು ಬಾವಿಗೋ ಕೆರೆಗೋ ಬಿಡುವವರು ಬಹಳ ಮಂದಿ ಇದ್ದಾರೆ. ಅವರು ಬಿಟ್ಟ ಆಮೆ ಮುಳುಗಿ ಸಾಯುತ್ತದೆ.

ನೆಲದ ಆಮೆ, ನೀರಿನ ಆಮೆ

ಆಮೆ ಅಂದರೆ ನೀರು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಕ್ಷತ್ರ ಆಮೆ ಪೂರ್ತಿ ನೆಲದ ಪ್ರಾಣಿ. ಅದಕ್ಕೆ ಈಜು ಬರುವುದಿಲ್ಲ. ಆಳದ ನೀರಿಗೆ ಬಿದ್ದರೆ ಸ್ವಲ್ಪ ಹೊತ್ತು ಒದ್ದಾಡಿ ಮುಳುಗುತ್ತದೆ.

ಗುರುತು ಹಿಡಿಯೋಕೆ ಕಾಲು ನೋಡಿದರೆ ಸಾಕು. ನೆಲದ ಆಮೆಯ ಕಾಲು ಆನೆ ಕಾಲಿನಂತೆ ಕಂಬದ ಹಾಗಿರುತ್ತದೆ, ಮೇಲೆಲ್ಲ ಒರಟು ಹುರುಪೆ, ಬೆರಳುಗಳ ನಡುವೆ ಚರ್ಮ ಇಲ್ಲ. ನೀರಿನ ಆಮೆಯ ಬೆರಳುಗಳ ನಡುವೆ ಬಾತುಕೋಳಿಗೆ ಇರುವ ಹಾಗೆ ಚರ್ಮ ಇರುತ್ತದೆ. ಚಿಪ್ಪಿನಲ್ಲೂ ವ್ಯತ್ಯಾಸ ಇದೆ. ನೆಲದ್ದು ಮಡಕೆ ಬೋರಲು ಹಾಕಿದಂತೆ ಎತ್ತರ, ನೀರಿನದು ತಟ್ಟೆಯಂತೆ ಚಪ್ಪಟೆ.

ನಮ್ಮ ಕೆರೆ ಕುಂಟೆಗಳಲ್ಲಿ ಹೆಚ್ಚಾಗಿ ಇರುವುದು ಎರಡು ಬಗೆ. ಒಂದರ ಚಿಪ್ಪಿನ ಅಂಚು ಮೆತ್ತಗೆ, ಹೊಟ್ಟೆಯ ಕಡೆ ಹಿಂಗಾಲು ಮುಚ್ಚಿಕೊಳ್ಳುವ ಚರ್ಮದ ಮುಚ್ಚಳ ಇರುತ್ತದೆ. ಇನ್ನೊಂದು ಗಟ್ಟಿ ಚಿಪ್ಪಿನ ಕರಿ ಆಮೆ, ಅದರ ಬೆನ್ನ ಮೇಲೆ ಮೂರು ಸಣ್ಣ ಏಣು ಕಾಣುತ್ತವೆ. ಕೆರೆ ಬತ್ತಿದಾಗ ಮೆತ್ತನೆ ಅಂಚಿನ ಆಮೆ ಕೆಸರಿನೊಳಗೆ ಹುದುಗಿಕೊಂಡು ಮಳೆಗೆ ಕಾಯುತ್ತದೆ. ಬೇಸಿಗೆಯಲ್ಲಿ ಹೂಳು ತೆಗೆಸುವಾಗ ಜೇಸಿಬಿ ಬಕೆಟ್ಟಿನಲ್ಲಿ ಬರುವುದು ಇದೇ. ಅಂಥದ್ದು ಸಿಕ್ಕರೆ ಅದೇ ಕೆರೆಯಲ್ಲಿ ಕೆಲಸ ನಡೆಯದ ಕಡೆಯ ತೇವದ ಮಣ್ಣಿಗೆ, ಇಲ್ಲವೇ ಹತ್ತಿರದ ನೀರಿರುವ ಕುಂಟೆಗೆ ಬಿಡಬಹುದು. ನಕ್ಷತ್ರ ಆಮೆಗೆ ಈ ಉಪಚಾರ ಮಾಡಬಾರದು.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅದರ ವರ್ಷ

ನಾನು ಗುರುತು ಹಾಕಿಕೊಂಡ ಪ್ರಕಾರ ಆಮೆಯ ಓಡಾಟ ನಮ್ಮ ಬೇಸಾಯದ ಜೊತೆಯಲ್ಲೇ ಸಾಗುತ್ತದೆ. ಭರಣಿ, ಕೃತ್ತಿಕೆ ಮಳೆ ಬಿದ್ದ ಮಾರನೇ ದಿನ ಒಂದೋ ಎರಡೋ ಕಾಣಿಸುತ್ತವೆ. ಮೊದಲ ಮಳೆಗೆ ಅದು ಮಾಡುವ ಕೆಲಸ ನೀರು ಕುಡಿಯುವುದು. ಗಾಡಿ ಜಾಡಿನಲ್ಲಿ, ಬಂಡೆ ಗುಳಿಯಲ್ಲಿ ನಿಂತ ನೀರಿಗೆ ಮುಖ ಇಟ್ಟು ಬಹಳ ಹೊತ್ತು ಕುಡಿಯುತ್ತದೆ. ಆರಿದ್ರಾ, ಪುನರ್ವಸು ಹೊತ್ತಿಗೆ, ಅಂದರೆ ನಾವು ರಾಗಿ ಬಿತ್ತನೆಗೆ ನೆಲ ಹಸನು ಮಾಡುವಾಗ, ಓಡಾಟ ಜೋರಾಗುತ್ತದೆ. ಮೋಡ ಕವಿದ ದಿನ ಬೆಳಗಿನಿಂದ ಸಂಜೆವರೆಗೂ ತಿರುಗುತ್ತದೆ. ಬಿಸಿಲಿನ ದಿನವಾದರೆ ಬೆಳಿಗ್ಗೆ ಸ್ವಲ್ಪ ಹೊತ್ತು, ಮತ್ತೆ ಇಳಿಹೊತ್ತಿನಲ್ಲಿ ಸ್ವಲ್ಪ ಹೊತ್ತು, ಅಷ್ಟೆ. ನಡುಮಧ್ಯಾಹ್ನ ಹುಡುಕಿದರೆ ತಂಗಡಿ ಗಿಡದ ಬುಡದಲ್ಲೋ ಕತ್ತಾಳೆ ಸಾಲಿನ ನೆರಳಿನಲ್ಲೋ ಕಲ್ಲಿನ ಹಾಗೆ ಕೂತಿರುತ್ತದೆ.

ಒಣ ಹುಲ್ಲಿನ ನಡುವೆ ಆ ಹಳದಿ ಗೆರೆ ಎಷ್ಟು ಚೆನ್ನಾಗಿ ಮರೆ ಮಾಡುತ್ತದೆ ಅಂದರೆ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಅಂಗೈಯಲ್ಲಿ ಇಟ್ಟು ನೋಡಿದವರಿಗೆ ಇಷ್ಟೊಂದು ಬಣ್ಣ ಯಾಕೆ ಅನ್ನಿಸುತ್ತದೆ. ಹುಲ್ಲಿನ ನೆರಳು ಬೆಳಕಿನಲ್ಲಿ ನೋಡಿದವರಿಗೆ ಕಾರಣ ಗೊತ್ತಾಗುತ್ತದೆ.

ಸುಗ್ಗಿ ಮುಗಿದು ಚಳಿ ಬಿದ್ದಾಗ ಓಡಾಟ ಕಮ್ಮಿ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಪೂರ್ತಿ ನಿಂತೇ ಹೋಗುತ್ತದೆ. ಆಗ ಲಂಟಾನ ಪೊದೆ, ಹುಲ್ಲಿನ ಗುಪ್ಪೆ, ತರಗಿನ ಅಡಿಯಲ್ಲಿ ತಲೆ ಕಾಲು ಒಳಗೆ ಎಳೆದುಕೊಂಡು ವಾರಗಟ್ಟಲೆ ಬಿದ್ದಿರುತ್ತದೆ. ಈ ದಿನಗಳಲ್ಲಿ ಅದಕ್ಕೆ ಒಳಗೆ ಕೂಡಿಟ್ಟುಕೊಂಡ ನೀರೇ ಆಧಾರ. ಎತ್ತಿದರೆ ಹೆದರಿ ಉಚ್ಚೆ ಹುಯ್ಯುತ್ತದೆ. ನಮಗೆ ಅದು ತಮಾಷೆ, ಅದಕ್ಕೆ ಬೇಸಿಗೆ ಕಳೆಯೋಕೆ ಇಟ್ಟುಕೊಂಡ ನೀರು ಹೋದ ಹಾಗೆ. ಬೇಸಿಗೆಯಲ್ಲಿ ಸುಮ್ಮನೆ ಕುತೂಹಲಕ್ಕೆ ಎತ್ತಬಾರದು ಅನ್ನೋದು ಇದಕ್ಕೇ.

ಇದರ ಆಹಾರ ಗರಿಕೆ, ಗೋಣಿ ಸೊಪ್ಪು, ಅಣ್ಣೆ ಸೊಪ್ಪಿನಂಥ ಎಳೆ ಕಳೆಗಳು, ಉದುರಿದ ಹೂ, ಎಲಚಿ ಹಣ್ಣು, ಪಾಪಾಸುಕಳ್ಳಿ ಹಣ್ಣು. ಒಮ್ಮೊಮ್ಮೆ ಬಸವನಹುಳು ತಿನ್ನುವುದೂ ಉಂಟು, ಸಗಣಿಗೆ ಬಾಯಿ ಹಾಕುವುದೂ ಉಂಟು. ಹಣ್ಣಿನ ಬೀಜ ಹಿಕ್ಕೆಯ ಜೊತೆ ಬೇರೆ ಕಡೆ ಬಿದ್ದು ಮೊಳೆಯುತ್ತದೆ. ನಮ್ಮ ರಾಗಿ, ಅವರೆ, ಕಡಲೆಕಾಯಿಗೆ ಇದರಿಂದ ನಷ್ಟ ಆಗಿದ್ದನ್ನು ನಾನು ಕಂಡಿಲ್ಲ. ಹಂದಿ, ಕೃಷ್ಣಮೃಗ, ನವಿಲಿನ ಕಾಟದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಬದುವಿನ ಅಂಚಿನ ಸೊಪ್ಪು ಕಡಿದು ಮುಂದಕ್ಕೆ ಹೋಗುವ ಪ್ರಾಣಿ ಇದು.

ಒಂದೇ ಆಮೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಸಿಗುತ್ತದೆ. ನಮ್ಮ ಹೊಲದ ಮೂಡಲ ಬದುವಿನಲ್ಲಿ ಒಂದು ಹೆಣ್ಣು ಇದೆ. ಚಿಪ್ಪಿನ ಹಿಂದಿನ ಅಂಚು ಬಲಗಡೆ ಮುರಿದಿದೆ, ನಾಯಿಯೋ ನರಿಯೋ ಕಡಿದಿರಬೇಕು. ಆ ಗುರುತಿನಿಂದ ಅದನ್ನು ಹನ್ನೊಂದು ಮಳೆಗಾಲದಿಂದ ಬಲ್ಲೆ. ನಮ್ಮ ಹೊಲ, ಪಕ್ಕದ ಬೀಳು, ಅದರಾಚೆ ಗೋಮಾಳದ ಒಂದು ಚೂರು, ಇಷ್ಟರಲ್ಲೇ ಅದರ ಸಂಸಾರ. ಕೆಲವರು ಗುರುತಿಗೆ ಎಂದು ಚಿಪ್ಪಿಗೆ ಬಣ್ಣ ಬಳಿಯುತ್ತಾರೆ, ಹೆಸರು ಕೆತ್ತುತ್ತಾರೆ, ತೂತು ಕೊರೆದು ದಾರ ಕಟ್ಟುತ್ತಾರೆ. ಚಿಪ್ಪು ಅದರ ಮೂಳೆ. ಒಳಗೆ ರಕ್ತ ಓಡಾಡುತ್ತದೆ, ಮುಟ್ಟಿದ್ದು ಗೊತ್ತಾಗುತ್ತದೆ, ಗಾಯವಾದರೆ ಕೀವಾಗುತ್ತದೆ. ಹುಟ್ಟಿದ ಗುರುತು, ಮುರಿದ ಗುರುತು ನೋಡಿ ಬರೆದಿಟ್ಟುಕೊಂಡರೆ ಸಾಕು.

ಮೊಟ್ಟೆ ಮತ್ತು ಮರಿ

ಗಂಡು ಚಿಕ್ಕದು, ಗೇಣಿಗೂ ಕಮ್ಮಿ. ಬಾಲ ಉದ್ದ, ಹೊಟ್ಟೆಯ ಚಿಪ್ಪು ಸ್ವಲ್ಪ ಒಳಕ್ಕೆ ತಗ್ಗಾಗಿರುತ್ತದೆ. ಹೆಣ್ಣು ದೊಡ್ಡದು, ಅಗಲ, ಬಾಲ ಗಿಡ್ಡ, ಹೊಟ್ಟೆ ಸಮತಟ್ಟು. ಮಳೆಗಾಲದಲ್ಲಿ ಗಂಡು ಹೆಣ್ಣಿನ ಹಿಂದೆ ಬಿದ್ದು ಚಿಪ್ಪಿಗೆ ಚಿಪ್ಪು ತಾಗಿಸುವ ಸದ್ದು ಬೇಲಿ ಆಚೆಗೂ ಕೇಳುತ್ತದೆ.

ಹಿಂಗಾರು ಮಳೆ ಹಿಡಿದು ನೆಲದಲ್ಲಿ ತೇವ ಇರುವಾಗ, ಕಾರ್ತಿಕದ ಸುಮಾರಿಗೆ, ಹೆಣ್ಣು ಗುಂಡಿ ತೆಗೆಯುವುದನ್ನು ಎರಡು ಸಲ ನೋಡಿದ್ದೇನೆ. ಹಿಂಗಾಲಿನಲ್ಲಿ ಒಂದೊಂದೇ ಹಿಡಿ ಮಣ್ಣು ಎಳೆದು ಹಾಕುತ್ತದೆ. ನೆಲ ಗಟ್ಟಿಯಿದ್ದರೆ ಉಚ್ಚೆ ಹುಯ್ದು ಮೆತ್ತಗೆ ಮಾಡಿಕೊಳ್ಳುತ್ತದೆ. ಗುಂಡಿ ಗೇಣಿಗಿಂತ ಕಮ್ಮಿ ಆಳ. ಮೊಟ್ಟೆ ಬಿಳಿ, ಗಟ್ಟಿ ಓಡು, ನಾಟಿಕೋಳಿ ಮೊಟ್ಟೆಗಿಂತ ಚಿಕ್ಕದು. ಒಂದು ಸಲಕ್ಕೆ ನಾಲ್ಕೈದು, ಅದಕ್ಕಿಂತ ಹೆಚ್ಚು ಕಮ್ಮಿಯೂ ಆಗಬಹುದು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಡುತ್ತದೆ. ಮಣ್ಣು ಮುಚ್ಚಿ ಹೊಟ್ಟೆಯಿಂದ ತಟ್ಟಿ ಸಮ ಮಾಡಿ ಹೋದರೆ ಜಾಗ ಯಾವುದೆಂದು ನಮಗೇ ತಿಳಿಯದು. ಆಮೇಲೆ ತಾಯಿ ಆ ಕಡೆ ತಿರುಗಿ ನೋಡುವುದಿಲ್ಲ. ಮಣ್ಣಿನ ಕಾವಿಗೇ ಮರಿ ಆಗಬೇಕು. ಕಾವಿನ ಮೇಲೆ ಎರಡು ತಿಂಗಳಾಗಬಹುದು, ಐದು ತಿಂಗಳೂ ಆಗಬಹುದು. ಮಣ್ಣು ಬಿಸಿ ಹೆಚ್ಚಿದ್ದರೆ ಹೆಣ್ಣು ಮರಿ, ತಂಪಾಗಿದ್ದರೆ ಗಂಡು ಮರಿ ಆಗುವುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಮರಿ ನಿಂಬೆಕಾಯಿ ಗಾತ್ರ. ಹುಟ್ಟಿದಾಗ ಹಳದಿ ಮೇಲೆ ಕಪ್ಪು ಮಚ್ಚೆ ಇರುತ್ತದೆ, ಬೆಳೆದಂತೆ ಗೆರೆಗಳು ಬರುತ್ತವೆ. ಕಾಗೆ, ಮುಂಗುಸಿ, ಉಡ, ನಾಯಿ ಎಲ್ಲಕ್ಕೂ ಅದು ತುತ್ತು. ಹತ್ತು ಮರಿಯಲ್ಲಿ ಒಂದು ಉಳಿದು ದೊಡ್ಡದಾದರೆ ಹೆಚ್ಚು. ಉಳಿದ ಹೆಣ್ಣು ಮೊಟ್ಟೆ ಇಡುವಷ್ಟು ಬೆಳೆಯೋಕೆ ಕಾಡಿನಲ್ಲಿ ಎಂಟರಿಂದ ಹನ್ನೆರಡು ವರ್ಷ ಬೇಕು. ಅಲ್ಲಿಂದ ಮುಂದೆ ಹತ್ತಾರು ವರ್ಷ ಮೊಟ್ಟೆ ಇಡುತ್ತಾ ಬದುಕುತ್ತದೆ.

ಈ ಲೆಕ್ಕ ರೈತರಿಗೆ ಬೇಗ ಅರ್ಥವಾಗುತ್ತದೆ. ಹುಣಸೆ ಮರ ಕಾಯಿ ಬಿಡೋಕೆ ಎಂಟು ಹತ್ತು ವರ್ಷ ತೆಗೆದುಕೊಳ್ಳುತ್ತದೆ, ಕಾಯಿ ಹಿಡಿದ ಮೇಲೆ ನಮ್ಮ ಮೊಮ್ಮಕ್ಕಳ ಕಾಲದವರೆಗೂ ಕೊಡುತ್ತದೆ. ಕಾಯಿ ಹಿಡಿದ ಮರವನ್ನೇ ಕಡಿದು, ಸಸಿ ಇದೆಯಲ್ಲ ಅಂದರೆ ಆಗುತ್ತದೆಯೇ? ಬದುವಿನಿಂದ ಒಂದು ದೊಡ್ಡ ಹೆಣ್ಣಾಮೆ ಹೋದರೆ ಆ ಜಾಗ ತುಂಬೋಕೆ ಹತ್ತು ಹದಿನೈದು ವರ್ಷ ಸಾಲದು.

ಸಾಕಿದ ಆಮೆಯ ಗತಿ

ತಮಿಳಿನವರಲ್ಲಿ ಒಂದು ಗಾದೆ ಇದೆ, ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗದು ಎಂದು. ಅಮೀನ ಅಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ನಮ್ಮ ಗಡಿ ಊರುಗಳಲ್ಲೂ ಹಿರಿಯರು ಈ ಮಾತು ಹೇಳೋರು. ಮನೆಗೆ ಆಮೆ ತಂದ ಹುಡುಗರಿಗೆ ಏಟು ಬೀಳುತ್ತಿತ್ತು. ಆ ಹೆದರಿಕೆ ಸರಿಯೋ ತಪ್ಪೋ, ಆಮೆಗಂತೂ ಕಾವಲಾಗಿತ್ತು. ಈಗ ಕಾಲ ತಿರುಗಿದೆ. ಮನೆಯಲ್ಲಿ ಆಮೆ ಇದ್ದರೆ ಹಣ ಬರುತ್ತದೆ, ವಾಸ್ತು ಸರಿಯಾಗುತ್ತದೆ ಎಂದು ಪಟ್ಟಣದಲ್ಲಿ ಯಾರೋ ಹಬ್ಬಿಸಿದ್ದಾರೆ.

ಬೆಂಗಳೂರಿನ ಒಂದು ಮನೆಯಲ್ಲಿ ಇಂಥ ಆಮೆ ನೋಡಿದೆ. ಮೀನಿನ ಗಾಜಿನ ತೊಟ್ಟಿಯಲ್ಲಿ ಎರಡು ಬೆರಳು ನೀರು, ಅದರೊಳಗೆ ಆಮೆ. ತಿನ್ನೋಕೆ ಅನ್ನ, ಬ್ರೆಡ್ಡು, ಟೊಮ್ಯಾಟೊ. ಬಿಸಿಲೇ ಇಲ್ಲ. ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದ ಹಾಗೆ ಎದ್ದು ನಿಂತಿತ್ತು, ಬೆರಳಿನಿಂದ ಒತ್ತಿದರೆ ಅಂಚು ಬಗ್ಗುತ್ತಿತ್ತು. ಮೂಗಿನಲ್ಲಿ ಸಿಂಬಳ. ಮನೆಯವರು ಒಳ್ಳೆ ಜನ, ಮಗುವಿನ ಹಾಗೆ ನೋಡ್ಕೊತೀವಿ ಅಂದರು. ಆದರೂ ಆಮೆ ಸಾಯುವ ದಾರಿಯಲ್ಲಿತ್ತು.

ಇದಕ್ಕೆ ಕಾರಣ ಸರಳ. ಚಿಪ್ಪು ಗಟ್ಟಿಯಾಗೋಕೆ ಸುಣ್ಣದ ಅಂಶ ಬೇಕು, ಆ ಸುಣ್ಣ ಮೈಗೆ ಹತ್ತೋಕೆ ನೇರ ಬಿಸಿಲು ಬೇಕು. ಗಾಜಿನ ಒಳಗಿನ ಬೆಳಕು ಆ ಕೆಲಸ ಮಾಡುವುದಿಲ್ಲ. ಇದರ ಹೊಟ್ಟೆ ನಾರಿನ ಸೊಪ್ಪು, ಹುಲ್ಲಿಗೆ ಆಗಿದ್ದು. ಅನ್ನ, ಬ್ರೆಡ್ಡು, ಹಾಲು ಒಗ್ಗುವುದಿಲ್ಲ. ಮೈಗೆ ಒಗ್ಗದ ತಿಂಡಿ, ಮೈಗೆ ಒಗ್ಗದ ಹವೆ ಇವೆರಡೂ ಸೇರಿದರೆ ಚಿಪ್ಪು ಗುಬ್ಬೆ ಗುಬ್ಬೆಯಾಗಿ ಏಳುತ್ತದೆ. ಥಂಡಿ ತೇವದಲ್ಲಿ ನಿಂತರೆ ಎದೆ ಕಟ್ಟುತ್ತದೆ. ಹೊರಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ, ಯಾಕೆಂದರೆ ಆಮೆ ಕೂಗುವುದಿಲ್ಲ, ಒದ್ದಾಡುವುದಿಲ್ಲ. ಉಪವಾಸ ಇದ್ದರೂ ತಿಂಗಳುಗಟ್ಟಲೆ ಸತ್ತಂತೆ ಬದುಕಿರುತ್ತದೆ. ಸಾಕಿದವರು ಇದನ್ನೇ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಕಾಯಿದೆ ಪ್ರಕಾರ ಇಟ್ಟುಕೊಂಡ ಕಡೆ ಹೇಗಿರುತ್ತದೆ ಎಂದೂ ನೋಡಿದ್ದೇನೆ. ಮೇಲ್ಮರುವತ್ತೂರಿಗೆ ಊರವರ ಜೊತೆ ಹೋದಾಗ ಮಹಾಬಲಿಪುರದ ದಾರಿಯಲ್ಲಿರುವ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿಗೆ ಹೋಗಿದ್ದೆವು. ರೋಮುಲಸ್ ವಿಟೇಕರ್ ಅವರು 1976ರಲ್ಲಿ ಕಟ್ಟಿದ್ದು ಇದು. ಮೊಸಳೆಗೆ ಹೆಸರಾದರೂ ಆಮೆಗಳೂ ಇವೆ. ನಮ್ಮ ನಕ್ಷತ್ರ ಆಮೆಗೆ ಅಲ್ಲಿ ಮಣ್ಣಿನ ನೆಲ, ಬಿಸಿಲು, ನೆರಳು, ಸೊಪ್ಪು. ಚಿಪ್ಪು ನುಣುಪಾಗಿ ಚೆನ್ನಾಗಿತ್ತು. ಜನ ಗೋಡೆಗೆ ಆತುಕೊಂಡು ನೋಡುತ್ತಿದ್ದರು, ಆಮೆಗಳು ಸೊಪ್ಪು ಹಾಕುವ ಜಾಗದಲ್ಲೇ ಗುಂಪಾಗಿದ್ದವು. ನಮ್ಮ ಹೊಲದ ಆಮೆ ಒಂಟಿಯಾಗಿ ತಿರುಗುತ್ತದೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಒಂದು ಎಲೆ ಕಡಿದು ಮತ್ತೆ ಮುಂದೆ ಹೋಗುತ್ತದೆ. ಅಷ್ಟು ತಿಳಿದವರು, ವೈದ್ಯರು, ಜಾಗ, ಖರ್ಚು ಎಲ್ಲ ಇದ್ದ ಕಡೆ ಆರೋಗ್ಯ ಕೊಡಬಹುದು. ಹೊಲದ ನಡಿಗೆಯನ್ನು ಅಲ್ಲೂ ಕೊಡೋಕೆ ಆಗದು. ಮನೆಯ ತೊಟ್ಟಿಯಲ್ಲಿ ಎರಡೂ ಇಲ್ಲ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮಂನಲ್ಲಿ ವಿಷ್ಣುವನ್ನು ಕೂರ್ಮಾವತಾರದಲ್ಲಿ ಪೂಜಿಸುತ್ತಾರೆ. ಅಲ್ಲಿನ ದೇವಸ್ಥಾನದ ಆವರಣದಲ್ಲೂ ನಕ್ಷತ್ರ ಆಮೆಗಳಿವೆ. ಅದನ್ನು ನೋಡಿ ಬಂದವರು ಮನೆಯಲ್ಲೂ ಒಂದು ಇರಲಿ ಅಂದುಕೊಳ್ಳುವುದುಂಟು. ದೇವರ ರೂಪ ಎಂದು ಭಕ್ತಿ ಇದ್ದರೆ ಬದುವಿನ ಮೇಲೇ ಕೈಮುಗಿಯಬಹುದು.

ಬೈಕಿನಲ್ಲಿ ಬರುವ ಗಿರಾಕಿಗಳು

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಊರ ಟೀ ಅಂಗಡಿ ಹತ್ತಿರ ಇಬ್ಬರು ಬೈಕಿನಲ್ಲಿ ಬಂದು ವಿಚಾರಿಸಿದರು. "ಏನ್ ಯಜಮಾನ್ರೇ, ನಿಮ್ ಕಡೆ ಹೊಲದಾಗೆ ತಾಬೇಲು ಸಿಕ್ತಾವಂತಲ್ಲ? ಮರಿ ಆದ್ರೂ ಪರವಾಗಿಲ್ಲ, ಹುಡುಗ್ರಿಗೆ ಹೇಳಿ, ಕೈ ಮೇಲೆ ದುಡ್ಡು ಕೊಡ್ತೀವಿ" ಅಂದರು. ಅವರು ಹೇಳಿದ ರೇಟು ಒಂದು ದಿನದ ಕೂಲಿಗೂ ಕಮ್ಮಿ. ಅಂಗಡಿಯಲ್ಲಿದ್ದ ಒಬ್ಬ ಅಜ್ಜಿ, "ನಮ್ ಹುಡುಗ್ರು ಜೈಲಿಗೋದ್ರೆ ಬಿಡಿಸ್ಕಂಡು ಬರೋಕೆ ನೀನ್ ಬತ್ತೀಯೇನಪ್ಪಾ?" ಅಂತ ಕೇಳಿದಳು. ಅವರು ಟೀ ಕೂಡ ಕುಡಿಯದೆ ಹೋದರು.

ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಹೊಲದಿಂದ ಹೋದ ಆಮೆ ಕೈಯಿಂದ ಕೈಗೆ ದಾಟಿ ಚೆನ್ನೈ, ಬೆಂಗಳೂರಿನಂಥ ಊರು ಸೇರಿ, ಅಲ್ಲಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿಕೊಂಡು ಥಾಯ್ಲೆಂಡ್, ಮಲೇಷ್ಯಾ ಕಡೆಗೆ ಹೋಗುತ್ತದೆ. ಅಲ್ಲಿ ಶೋಕಿಗೆ ಸಾಕುವವರಿಗೆ ಮಾರುತ್ತಾರೆ. ದಾರಿಯಲ್ಲೇ ಎಷ್ಟೋ ಸಾಯುತ್ತವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಮ್ಮ ದೇಶದ ಒಂದೇ ಒಂದು ವ್ಯಾಪಾರದ ಠಾವಿಗೆ ಒಂದು ವರ್ಷದಲ್ಲಿ ಕಮ್ಮಿ ಎಂದರೂ 55,000 ನಕ್ಷತ್ರ ಆಮೆ ಹಿಡಿದು ತಂದದ್ದು ದಾಖಲಾಗಿದೆ. 2009ರಿಂದ 2019ರವರೆಗಿನ ಹತ್ತು ವರ್ಷದಲ್ಲಿ ದೇಶದಲ್ಲಿ ಹಿಡಿದ ಅಕ್ರಮ ಆಮೆಗಳು 1 ಲಕ್ಷ 11 ಸಾವಿರಕ್ಕೂ ಹೆಚ್ಚು ಎಂದು ಟ್ರಾಫಿಕ್ ಎಂಬ ಸಂಸ್ಥೆ ಲೆಕ್ಕ ಕೊಟ್ಟಿದೆ. ಅವುಗಳಲ್ಲಿ ಜಾತಿ ಗುರುತಾದ ಆಮೆಗಳ ಪೈಕಿ ಸುಮಾರು ಅರ್ಧ ನಕ್ಷತ್ರ ಆಮೆಯೇ. ಸಿಕ್ಕಿಬಿದ್ದದ್ದು ಇಷ್ಟು, ಸಿಗದೆ ಹೋದದ್ದು ಬೇರೆ.

ಕಾಯಿದೆ ಈಗ ಬಹಳ ಬಿಗಿಯಾಗಿದೆ. ಇದನ್ನು ಎಲ್ಲರೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನಕ್ಷತ್ರ ಆಮೆ ಮೊದಲು ನಾಲ್ಕನೇ ಪಟ್ಟಿಯಲ್ಲಿತ್ತು. 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಹುಲಿ ಆನೆ ಇರುವ ಒಂದನೇ ಪಟ್ಟಿಗೆ ಇದನ್ನೂ ಸೇರಿಸಿದೆ. ಒಂದನೇ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕಮ್ಮಿ ಎಂದರೆ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಮ್ಮಿ ಇಲ್ಲದ ದಂಡ. ಕೊಲ್ಲುವುದಷ್ಟೇ ಬೇಟೆ ಎಂದು ತಿಳಿಯಬೇಡಿ. ಹಿಡಿಯುವುದೂ ಕಾಯಿದೆಯ ಕಣ್ಣಲ್ಲಿ ಬೇಟೆಯೇ, ಮೊಟ್ಟೆ ಹಾಳು ಮಾಡುವುದೂ ಬೇಟೆಯೇ. ಹೊರದೇಶದ ವ್ಯಾಪಾರವನ್ನು 2019ರಲ್ಲಿ ಸೈಟಿಸ್ ಒಪ್ಪಂದದ ದೇಶಗಳೂ ನಿಷೇಧಿಸಿವೆ. ಕೆರೆಯ ಮೆತ್ತನೆ ಅಂಚಿನ ಆಮೆಯೂ ಒಂದನೇ ಪಟ್ಟಿಯಲ್ಲೇ ಇದೆ. ಆಮೆ ತಾನಾಗಿ ನಮ್ಮ ಹೊಲದಲ್ಲಿ ತಿರುಗುತ್ತಿದ್ದರೆ ಅದಕ್ಕೆ ಯಾವ ಕೇಸೂ ಇಲ್ಲ, ಹೆದರಬೇಕಾಗಿಲ್ಲ.

ಇದರ ಜೊತೆ ಇನ್ನೊಂದು ಮೋಸ ನಡೆಯುತ್ತಿದೆ. ಇಪ್ಪತ್ತು ಉಗುರಿನ ಆಮೆ ಇದ್ದರೆ ಲಕ್ಷ ಲಕ್ಷ ಕೊಡುತ್ತಾರೆ, ನಿಧಿ ತೆಗೆಯೋಕೆ ಬೇಕು, ಪೂಜೆಗೆ ಬೇಕು ಎಂದು ಸುದ್ದಿ ಹಬ್ಬಿಸುತ್ತಾರೆ. ಎರಡು ತಲೆ ಹಾವಿನ ಮೋಸದ ತಮ್ಮ ಇದು. ಉಗುರು ಎಣಿಸಿ ನೋಡಿ. ನಕ್ಷತ್ರ ಆಮೆಗೆ ಮುಂದಿನ ಕಾಲಿಗೆ ಐದೈದು, ಹಿಂದಿನ ಕಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ಕೆರೆಯ ಮೆತ್ತನೆ ಆಮೆಗೆ ಕಾಲಿಗೆ ಮೂರರಂತೆ ಹನ್ನೆರಡೇ. ಇಲ್ಲದ ಇಪ್ಪತ್ತನ್ನು ಹುಡುಕುತ್ತಾ ಸಿಕ್ಕಿದ್ದನ್ನೆಲ್ಲ ಹಿಡಿದು ಕೂಡಿಹಾಕುತ್ತಾರೆ. ಮುಂಗಡ ಕೊಟ್ಟು ಕಳೆದುಕೊಂಡವರೂ ಇದ್ದಾರೆ. ದೂರು ಕೊಡೋಕೂ ಆಗದು, ಕೊಟ್ಟರೆ ತಾವೇ ಒಳಗೆ.

ಹೋದದ್ದು ವಾಪಸ್ ಬರುವುದು ಕಷ್ಟ

2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದರು. ಅಕ್ರಮವಾಗಿ ಅಲ್ಲಿಗೆ ಹೋಗಿ ಸಿಕ್ಕಿಬಿದ್ದ ಆಮೆಗಳು ಅವು. ಅಲ್ಲಿನ ಒಂದು ಪ್ರಾಣಿದಯಾ ಸಂಸ್ಥೆ, ಇಲ್ಲಿನ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಕರ್ನಾಟಕ ಅರಣ್ಯ ಇಲಾಖೆ ಸೇರಿ ಮಾಡಿದ ಕೆಲಸ. ಕೇಳೋಕೆ ಸಂತೋಷವೇ. ಆದರೆ 51 ಆಮೆಗೆ ಎಷ್ಟು ಕಾಗದ, ಎಷ್ಟು ಖರ್ಚು, ಎಷ್ಟು ಜನರ ಶ್ರಮ ಬೇಕಾಯಿತು ಯೋಚಿಸಿ.

ತಂದ ಕೂಡಲೇ ಕಾಡಿಗೆ ಬಿಡೋಕೂ ಆಗುವುದಿಲ್ಲ. ಗುಂಪಿನಲ್ಲಿ ಕೂಡಿಹಾಕಿದ ಆಮೆಗೆ ರೋಗ ಅಂಟಿರಬಹುದು. ಅದನ್ನು ಹಾಗೇ ಬಿಟ್ಟರೆ ಅಲ್ಲಿರುವ ಆಮೆಗಳಿಗೂ ಹರಡುತ್ತದೆ. ಇನ್ನೊಂದು ತೊಡಕು ಊರಿನದು. ನಕ್ಷತ್ರ ಆಮೆ ಇರುವುದು ಮುಖ್ಯವಾಗಿ ಮೂರು ಸೀಮೆಯಲ್ಲಿ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರಿದ ನಮ್ಮ ಒಣನಾಡು ಒಂದು. ಗುಜರಾತ್ ರಾಜಸ್ಥಾನದಿಂದ ಪಾಕಿಸ್ತಾನದವರೆಗೆ ಇನ್ನೊಂದು. ಶ್ರೀಲಂಕಾ ಮೂರನೆಯದು. ಒಂದೊಂದು ಸೀಮೆಯದೂ ಅಲ್ಲಿನ ಮಳೆ ಬಿಸಿಲಿಗೆ ಒಗ್ಗಿಕೊಂಡು ಬಂದ ತಳಿ. ಬಯಲುಸೀಮೆಯ ನಾಟಿ ರಾಗಿ ಬೀಜವನ್ನು ಮಲೆನಾಡಿನಲ್ಲಿ ಬಿತ್ತಿದ ಹಾಗೆ, ಎಲ್ಲಿಯದನ್ನೋ ಎಲ್ಲೋ ಬಿಟ್ಟರೆ ಆಗದು. ಚೀಲದಲ್ಲಿ ಬೆರೆತುಹೋದ ಆಮೆಗೆ ನಿನ್ನೂರು ಯಾವುದು ಎಂದು ಕೇಳೋಕಾಗುತ್ತದೆಯೇ? ಆದ್ದರಿಂದ ಹಿಡಿದ ಮೇಲೆ ಉಳಿಸುವುದಕ್ಕಿಂತ ಹಿಡಿಯದೆ ಉಳಿಸುವುದೇ ಸುಲಭ, ಅದು ನಮ್ಮ ಕೈಯಲ್ಲೇ ಇದೆ.

ನಮ್ಮ ಹೊಲದಲ್ಲಿ ಮಾಡಬಹುದಾದ ಕೆಲಸ

ಕಳ್ಳರಷ್ಟೇ ಅಲ್ಲದೆ ನಮ್ಮ ಬೇಸಾಯದ ರೀತಿಯಿಂದಲೂ ಆಮೆ ಕಮ್ಮಿಯಾಗುತ್ತಿದೆ. ಬೀಳು ಬಿದ್ದ ಜಾಗ ಲೇಔಟು ಆಗುತ್ತಿದೆ, ಬದು ಕಿರಿದಾಗುತ್ತಿದೆ, ಕತ್ತಾಳೆ ಬೇಲಿ ಹೋಗಿ ಕಲ್ಲುಕಂಬ ತಂತಿ ಬಂದಿದೆ. ಎಲ್ಲವನ್ನೂ ತಡೆಯೋಕೆ ಆಗದು. ಖರ್ಚಿಲ್ಲದೆ ಮಾಡಬಹುದಾದ್ದನ್ನು ಇಲ್ಲಿ ಬರೆದಿದ್ದೇನೆ.

1. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಾಕಬೇಡಿ. ಆಮೆ ಹುಲ್ಲಿನ ಅಡಿಯಲ್ಲೇ ಮಲಗಿರುತ್ತದೆ, ಓಡಲಾರದು. ಹುಲ್ಲು ಕೊಯ್ದು ದನಕ್ಕೆ ಹಾಕಿ, ಇಲ್ಲವೇ ಮುಚ್ಚಿಗೆಗೆ ಬಳಸಿ. ಬೆಂಕಿ ಹಾಕದ ಬದುವಿನ ಮಣ್ಣು ಮಳೆಗೆ ಕೊಚ್ಚಿಹೋಗುವುದೂ ಕಮ್ಮಿ.

2. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದ್ದವರು ಇದನ್ನು ಗಮನಿಸಿ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಕಡೆ ಹೊಂಡಗಳು ಬಹಳ ಆಗಿವೆ. ಅಂಚಿಗೆ ನೀರು ಕುಡಿಯೋಕೆ ಬಂದ ಆಮೆ ಜಾರಿ ಬಿದ್ದರೆ ಹತ್ತಲಾರದು. ಆಮೆ ಒಂದೇ ಅಲ್ಲ, ಉಡ, ಮೊಲ, ಕೋಳಿ, ಆಡಿನ ಮರಿಯೂ ಹೀಗೆ ಸಾಯುತ್ತವೆ. ಹೊಂಡದ ಸುತ್ತ ಒಂದು ಅಡಿ ಎತ್ತರಕ್ಕೆ ಕಲ್ಲು ಅಥವಾ ಮಣ್ಣಿನ ಏರಿ ಕಟ್ಟಿ. ಒಳಗೆ ಎರಡು ಮೂಲೆಯಲ್ಲಿ ಹಳೇ ಗೋಣಿಚೀಲ ಹೊಲಿದ ಪಟ್ಟಿ ಅಥವಾ ಗಂಟು ಹಾಕಿದ ಹಳೇ ಬಲೆಯನ್ನು ನೀರಿನ ತಳದವರೆಗೆ ಇಳಿಬಿಡಿ. ಮನುಷ್ಯರ ಮಕ್ಕಳು ಬಿದ್ದರೂ ಅದೇ ಹಿಡಿ ಆಗುತ್ತದೆ.

3. ಕಟ್ಟೆ ಇಲ್ಲದ ಹಾಳುಬಾವಿಗೂ ಇದೇ ಮಾತು. ಸುತ್ತ ಕಲ್ಲು ಇಡಿ.

4. ಟ್ರ್ಯಾಕ್ಟರಿನಲ್ಲಿ ರೋಟವೇಟರ್ ಹೊಡೆಸುವ ಮುಂಚೆ ಬದುವಿನ ಅಂಚಿನಲ್ಲಿ ಒಂದು ಸಲ ನಡೆದು ನೋಡಿ. ಕಂಡರೆ ಬದುವಿನ ಮೇಲಿಟ್ಟರೆ ಸಾಕು. ಬೇರೆ ಹೊಲಕ್ಕೋ ಕಾಡಿಗೋ ಒಯ್ಯಬೇಡಿ.

5. ಹಂದಿಗೆ ಸೋಲಾರ್ ತಂತಿ ಎಳೆಯುವವರು ಕೆಳಗಿನ ತಂತಿ ನೆಲದಿಂದ ಒಂದು ಅಡಿ ಮೇಲಿರಲಿ. ತೀರ ಕೆಳಗಿದ್ದರೆ ಶಾಕ್ ಹೊಡೆದ ಆಮೆ ಓಡುವ ಬದಲು ಅಲ್ಲೇ ಒಳಗೆ ಸೇರಿಕೊಂಡು ಮತ್ತೆ ಮತ್ತೆ ಹೊಡೆಸಿಕೊಂಡು ಸಾಯುತ್ತದೆ. ಜಾಲರಿ ಬೇಲಿಯಾದರೆ ಅಲ್ಲಲ್ಲಿ ಒಂದು ಗೇಣು ಸಂದು ಬಿಡಿ.

6. ರಸ್ತೆಯಲ್ಲಿ ಕಂಡರೆ ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಹತ್ತಿರದಲ್ಲೇ ಎತ್ತಿ, ಅದು ಯಾವ ಕಡೆ ಹೊರಟಿತ್ತೋ ಆ ಕಡೆಯ ಅಂಚಿಗೆ ಬಿಡಿ. ಬಂದ ಕಡೆಗೇ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ.

7. ಚಿಪ್ಪು ಒಡೆದಿದ್ದರೆ ಅಂಟು, ಸಿಮೆಂಟು, ಅರಿಶಿನ ಏನೂ ಮೆತ್ತಬೇಡಿ. ರಟ್ಟಿನ ಡಬ್ಬದಲ್ಲಿ ಒಣ ಗೋಣಿ ಹಾಸಿ ನೆರಳಿನಲ್ಲಿಟ್ಟು ಅರಣ್ಯ ಇಲಾಖೆಗೆ ಹೇಳಿ. ಸಹಾಯವಾಣಿ ನಂಬರ್ 1926. ಆಮೆ ಹಿಡಿಯುವವರು, ಕೊಳ್ಳುವವರು ಬಂದರೂ ಇದೇ ನಂಬರಿಗೆ ತಿಳಿಸಬಹುದು. ಮನೆಯಲ್ಲಿ ಈಗಾಗಲೇ ಆಮೆ ಇಟ್ಟುಕೊಂಡವರು ಕದ್ದು ಎಲ್ಲೋ ಬಿಟ್ಟು ಬರಬೇಡಿ. ಇಲಾಖೆಗೆ ಒಪ್ಪಿಸುವುದೇ ಸರಿ.

8. ಮಕ್ಕಳಿಗೆ ಹೇಳಿಕೊಡಿ. ಹಿಡಿಯುವವರ ಕಣ್ಣು ಮೊದಲು ಬೀಳುವುದು ದನ ಕಾಯುವ ಹುಡುಗರ ಮೇಲೆ. ಆಮೆ ಕಂಡರೆ ಉಗುರು ಎಣಿಸಿ, ಗಂಡೋ ಹೆಣ್ಣೋ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬಿಟ್ಟುಬಿಡಲಿ. ನೋಡುವ ಖುಷಿ ಒಮ್ಮೆ ಹತ್ತಿದರೆ ಮಾರುವ ಯೋಚನೆ ಬರುವುದಿಲ್ಲ.

ನಮ್ಮ ಹೊಲದಲ್ಲಿ ಕಳೆದ ಮಳೆಗಾಲದಲ್ಲಿ ಬೇರೆ ಬೇರೆ ಗುರುತಿನ ಆರು ಆಮೆ ಕಂಡವು, ಅದರಲ್ಲಿ ಎರಡು ಚಿಕ್ಕವು. ಚಿಕ್ಕವು ಕಂಡರೆ ಆ ಜಾಗದಲ್ಲಿ ಮೊಟ್ಟೆ ಆಗುತ್ತಿದೆ, ಮರಿ ಉಳಿಯುತ್ತಿದೆ ಎಂದು ಅರ್ಥ. ಬರೀ ದೊಡ್ಡವೇ ಕಾಣುತ್ತಿದ್ದರೆ ಮುಂದೆ ಕಷ್ಟ ಇದೆ ಎಂದು ತಿಳಿಯಬೇಕು.

ಪಾವಗಡ, ಮಧುಗಿರಿ, ಚಿತ್ರದುರ್ಗ, ಬಳ್ಳಾರಿ ಕಡೆಯ ಒಣಬೇಸಾಯದ ಮಿತ್ರರು ತಮ್ಮ ಹೊಲಗಳಲ್ಲಿ ಆಮೆ ಯಾವ ಮಳೆಗೆ ಹೊರಬರುತ್ತದೆ, ಮರಿ ಯಾವಾಗ ಕಾಣುತ್ತದೆ, ನಿಮ್ಮ ಕಡೆ ಅದನ್ನು ಏನೆಂದು ಕರೆಯುತ್ತಾರೆ ಎಂದು ಪತ್ರಿಕೆಗೆ ಬರೆದರೆ ಎಲ್ಲರಿಗೂ ಉಪಯೋಗ. ಬರೆಯುವಾಗ ತಾಲ್ಲೂಕಿನ ಹೆಸರು ಸಾಕು. ಊರು, ಸರ್ವೆ ನಂಬರ್, ಗುಡ್ಡದ ಹೆಸರು ಬೇಡ. ಈ ಪತ್ರಿಕೆ ಯಾರ ಯಾರ ಕೈಗೆ ಹೋಗುತ್ತದೋ ನಮಗೆ ಗೊತ್ತಿಲ್ಲ. ನಾನೂ ನಮ್ಮ ಊರಿನ ಹೆಸರು ಬರೆಯದೆ ಇರುವುದು ಅದಕ್ಕೇ.